ಡಿವಿಡಿಗೆ ವಿಡಿಯೋ: ಚಿತ್ರ ಕೆಡದಂತೆ ಅಡಕ ಮಾಡುವುದು ಹೇಗೆ?

ಮಾಗಡಿ ತಾಲ್ಲೂಕಿನ ಕೆಂಪಾಪುರದ ಹೆಸರನ್ನು ನೀವು ಕೇಳಿರಬಹುದು. ಕೆಂಪೇಗೌಡರದೆಂದು 2015ರಲ್ಲಿ ಗುರುತಿಸಲಾದ ಸಮಾಧಿ ಇರುವುದು ಅಲ್ಲಿಯೇ. ನನಗೆ ಆ ಊರು ಅದಕ್ಕೂ ಬಹಳ ಮೊದಲಿನಿಂದ ಗೊತ್ತು, ಚಿಕ್ಕಪ್ಪನ ಮನೆ ಅಲ್ಲಿದೆ.

1998ರ ಬೇಸಿಗೆಯಲ್ಲಿ ಊರಿನವರು ಸೇರಿ ‘ಕುರುಕ್ಷೇತ್ರ’ ನಾಟಕ ಆಡಿದರು. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ ತಿಂಗಳುಗಟ್ಟಲೆ ತಾಲೀಮು, ಬಾಡಿಗೆಗೆ ತಂದ ಸೀನರಿ, ಜರಿ ಉಡುಪು, ಕಿರೀಟ, ರಂಗಮಂಟಪದ ಸುತ್ತ ಝಗಮಗಿಸುವ ಸೀರಿಯಲ್ ದೀಪ, ಎಲ್ಲವೂ ಇದ್ದವು. ಚಿಕ್ಕಪ್ಪನದು ದುರ್ಯೋಧನನ ಪಾತ್ರ. ಮದುವೆಗಳ ವಿಡಿಯೋ ತೆಗೆಯುತ್ತಿದ್ದವರೊಬ್ಬರು ರಾತ್ರಿಯಿಡೀ ನಿಂತು ಅದನ್ನು ಚಿತ್ರೀಕರಿಸಿದರು. ಮೂರು ಮೂರು ಗಂಟೆಯ ಎರಡು ವಿಎಚ್‌ಎಸ್ ಕ್ಯಾಸೆಟ್ ತುಂಬಿದವು. ಚಿಕ್ಕಪ್ಪ ಈಗಿಲ್ಲ. ಅವರು ನಡೆದಾಡುವ, ಮಾತಾಡುವ ಬೇರೆ ಯಾವ ಚಿತ್ರವೂ ಮನೆಯಲ್ಲಿಲ್ಲ.

ಅವರ ಮಗ ಆ ಕ್ಯಾಸೆಟ್‌ಗಳನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸಿದ. ಚಿಕ್ಕಮ್ಮನಿಗೆ ಮನೆಯ ಹಳೆಯ ಟಿ.ವಿ. ಮತ್ತು ಡಿವಿಡಿ ಪ್ಲೇಯರ್ ಬಿಟ್ಟರೆ ಬೇರೆ ಯಂತ್ರ ಒಗ್ಗುವುದಿಲ್ಲ. ಅಂಗಡಿಯವರು ಆರು ಗಂಟೆಯ ನಾಟಕವನ್ನು ಒಂದೇ ತಟ್ಟೆಗೆ ಇಳಿಸಿಕೊಟ್ಟರು. ಹಾಕಿ ನೋಡಿದ ಮೇಲೆ ನನಗೆ ಫೋನು ಬಂತು. “ಅಣ್ಣಾ, ಅಪ್ಪನ ಮುಖಾನೇ ಕಾಣಲ್ಲ ಕಣಣ್ಣ. ಬರೀ ಚೌಕ ಚೌಕ.”

ಭೌತವಿಜ್ಞಾನ ಪಾಠ ಮಾಡುವ ನನಗೆ ಈ ಕೆಲಸ ಹೀಗೆ ಗಂಟುಬಿತ್ತು. ಅದರಿಂದ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದ ಮೇಲೂ, ನಿಮ್ಮ ಶಾಲೆಯ ಕಪಾಟಿನಲ್ಲೂ ಇಂಥ ಕ್ಯಾಸೆಟ್‌ಗಳು ಇದ್ದಾವು. ಅವುಗಳ ಕಾಂತೀಯ ಲೇಪನ ವರ್ಷವರ್ಷಕ್ಕೆ ಕ್ಷೀಣಿಸುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ಅದನ್ನು ನಿಲ್ಲಿಸಿತು. ಆದ್ದರಿಂದ ಇಂಥ ಕ್ಯಾಸೆಟ್‌ಗೆ ಇನ್ನು ಕೆಲವೇ ಓಟ ಉಳಿದಿದೆ ಎಂದುಕೊಂಡೇ ಕೆಲಸ ಮಾಡಬೇಕು.

ಮೊದಲು ಲೆಕ್ಕ

ನಮ್ಮ ದೇಶದ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಒಂದು ಚಿತ್ರಕ್ಕೆ ಅಡ್ಡಡ್ಡ 720, ಉದ್ದುದ್ದ 576 ಬಿಂದುಗಳು, ಅಂದರೆ 4,14,720 ಪಿಕ್ಸೆಲ್‌ಗಳು. ಸೆಕೆಂಡಿಗೆ 25 ಚಿತ್ರಗಳು. ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿಗೆ ತಲಾ 8 ಬಿಟ್‌ನಂತೆ 24 ಬಿಟ್. ಗುಣಿಸಿದರೆ ಸೆಕೆಂಡಿಗೆ ಸುಮಾರು 249 ದಶಲಕ್ಷ ಬಿಟ್‌ಗಳು. ಒಂದು ಪದರದ ಡಿವಿಡಿ 470 ಕೋಟಿ ಬೈಟ್ ಹಿಡಿಯುತ್ತದೆ, ಅದು 3,760 ಕೋಟಿ ಬಿಟ್. ಭಾಗಿಸಿ ನೋಡಿ. ಏನೂ ಅಡಕ ಮಾಡದೆ ತುಂಬಿದರೆ ಇಡೀ ತಟ್ಟೆಯಲ್ಲಿ ಹಿಡಿಸುವುದು ಎರಡೂವರೆ ನಿಮಿಷದ ಚಿತ್ರ ಮಾತ್ರ! ದುರ್ಯೋಧನ ರಂಗಕ್ಕೆ ಬಂದು ಮೊದಲ ಕಂದಪದ್ಯ ಮುಗಿಸುವಷ್ಟರಲ್ಲಿ ತಟ್ಟೆ ತುಂಬಿರುತ್ತದೆ.

(ಇದೇ ತಟ್ಟೆಯನ್ನು ಕಂಪ್ಯೂಟರ್ 4.38 ಎಂದು ತೋರಿಸುವುದುಂಟು. ತಟ್ಟೆಯವರು ಸಾವಿರದ ಘಾತಗಳಲ್ಲಿ ಎಣಿಸಿದರೆ ಕಂಪ್ಯೂಟರ್ 1024ರ ಘಾತಗಳಲ್ಲಿ ಎಣಿಸುತ್ತದೆ. ಯಾರೂ ಮೋಸ ಮಾಡಿಲ್ಲ.)

ಈಗ ಇದೇ ಲೆಕ್ಕವನ್ನು ತಿರುಗಿಸಿ ಹಾಕೋಣ. 3,760 ಕೋಟಿ ಬಿಟ್‌ಗಳನ್ನು ನಾಟಕದ ಅವಧಿಗೆ ಹಂಚಿದರೆ ಸೆಕೆಂಡಿಗೆ ಎಷ್ಟು ಸಿಕ್ಕೀತು? ಎರಡು ಗಂಟೆಗೆ ಹಂಚಿದರೆ 52 ಲಕ್ಷ, ಮೂರು ಗಂಟೆಗೆ 35 ಲಕ್ಷ, ಆರು ಗಂಟೆಗೆ ಬರೀ 17 ಲಕ್ಷ. ಈ ಸಂಖ್ಯೆಗೆ ಬಿಟ್ ದರ ಎನ್ನುತ್ತಾರೆ. ಇದರಲ್ಲಿ ಧ್ವನಿಗೂ ಪಾಲು ಕೊಡಬೇಕು. ಅಂಗಡಿಯವರ ತಟ್ಟೆಯಲ್ಲಿ ಚಿತ್ರಕ್ಕೆ ಉಳಿದದ್ದು ಸುಮಾರು ಹದಿನೈದೂವರೆ ಲಕ್ಷ. ಅಂದರೆ ಒಂದು ಪಿಕ್ಸೆಲ್‌ಗೆ 0.15 ಬಿಟ್! 24 ಬಿಟ್ ಬೇಕಾದಲ್ಲಿ ಒಂದು ಬಿಟ್‌ನ ಏಳನೆಯ ಒಂದು ಪಾಲು. ಅಂಗಡಿಯವರನ್ನು ಪೂರ್ತಿ ದೂರುವಂತಿಲ್ಲ. ಒಂದೇ ತಟ್ಟೆ ಸಾಕು ಎಂದದ್ದು ನಮ್ಮವನೇ.

ಬಿಟ್ ದರವನ್ನು ಬೇಕಾದಷ್ಟು ಏರಿಸಲೂ ಆಗದು. ಡಿವಿಡಿಯ ನಿಯಮದಂತೆ ಚಿತ್ರಕ್ಕೆ ಸೆಕೆಂಡಿಗೆ 98 ಲಕ್ಷ ಬಿಟ್ ಗರಿಷ್ಠ ಮಿತಿ. ಮನೆಯಲ್ಲಿ ಬರೆದ ತಟ್ಟೆಗಳಲ್ಲಿ ಆ ಮಿತಿಯನ್ನು ಮುಟ್ಟಿದರೆ ಹಳೆಯ ಪ್ಲೇಯರ್‌ಗಳು ತಡವರಿಸುತ್ತವೆ. 80 ಲಕ್ಷಕ್ಕೆ ನಿಲ್ಲಿಸುವುದು ಲೇಸು.

ಕೆ.ಆರ್. ವೃತ್ತದಿಂದ ಹೊರಟ ಕೊಸೈನು

ಹಾಗಾದರೆ ಎರಡೂವರೆ ನಿಮಿಷದ ಜಾಗಕ್ಕೆ ಎರಡು ಗಂಟೆಯನ್ನು ತುರುಕುವುದು ಸಾಧ್ಯವಾದದ್ದು ಹೇಗೆ? ಇದರ ತಿರುಳಿನಲ್ಲಿ ಬೆಂಗಳೂರಿನವರೊಬ್ಬರ ಕೆಲಸವಿದೆ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ತಿಳಿದಿಲ್ಲ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಕೆ.ಆರ್. ವೃತ್ತದ ಬಳಿಯ, ಇಂದು ಯುವಿಸಿಇ ಎಂದು ಹೆಸರಾದ ಇಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, 1972ರಲ್ಲಿ, ಕೊಸೈನ್ ಅಲೆಗಳನ್ನು ಬಳಸಿ ದತ್ತಾಂಶವನ್ನು ಅಡಕ ಮಾಡುವ ಯೋಚನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯ ಕೋರಿದರು. ಅರ್ಜಿ ತಿರಸ್ಕೃತವಾಯಿತು. ಯೋಚನೆ ತೀರಾ ಸರಳವಾಯಿತೆಂಬುದು ಪರಿಶೀಲಕರ ಆಕ್ಷೇಪವಾಗಿತ್ತೆಂದು ಅವರೇ ಮುಂದೆ ಬರೆದಿದ್ದಾರೆ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ ಸೇರಿ 1974ರ ಜನವರಿಯಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಚಿಕ್ಕದಾಗಿ ಡಿಸಿಟಿ, ಹುಟ್ಟಿದ್ದು ಹೀಗೆ. ಕನ್ನಡದಲ್ಲಿ ವಿವಿಕ್ತ ಕೊಸೈನ್ ರೂಪಾಂತರ ಎನ್ನೋಣ. 1992ರ ಜೆಪೆಗ್ ಚಿತ್ರ, 1994ರಲ್ಲಿ ರೂಪುಗೊಂಡು ಡಿವಿಡಿಗೆ ಆಧಾರವಾದ ಎಂಪೆಗ್-2 ಎರಡೂ ಇದರ ಮೇಲೆಯೇ ನಿಂತಿವೆ. ನಿಮ್ಮ ಮೊಬೈಲ್ ವಿಡಿಯೋಗಳಲ್ಲಿರುವುದೂ ಇದೇ ವಂಶದ ಗಣಿತ.

ಸರಳ ಎಂದರೆ ಎಷ್ಟು ಸರಳ? ತರಗತಿಯಲ್ಲಿ ಮಾಡಿ ತೋರಿಸಬಹುದಾದಷ್ಟು. ಚಿತ್ರದ ಒಂದು ಸಾಲಿನಲ್ಲಿ ಅಕ್ಕಪಕ್ಕದ ಎಂಟು ಪಿಕ್ಸೆಲ್‌ಗಳ ಬೆಳಕಿನ ಬೆಲೆ ಹೀಗಿದೆ ಎಂದಿಟ್ಟುಕೊಳ್ಳಿ: 86, 90, 94, 98, 102, 106, 110, 114. ಕೆನ್ನೆಯ ಮೇಲೆ ನೆರಳಿನಿಂದ ಬೆಳಕಿನ ಕಡೆಗೆ ನಿಧಾನವಾಗಿ ಏರುವ ಛಾಯೆ ಇದು. ಈ ಎಂಟು ಸಂಖ್ಯೆಗಳನ್ನು ಎಂಟು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು. ಮೊದಲನೆಯದು ಅಲೆಯೇ ಅಲ್ಲ, ಸಮತಟ್ಟಾದ ಗೆರೆ. ಎರಡನೆಯದು ಅರ್ಧ ಅಲೆ, ಮೂರನೆಯದು ಒಂದು ಅಲೆ, ಹೀಗೆ ಆವೃತ್ತಿ ಏರುತ್ತ ಹೋಗುತ್ತದೆ. ಪ್ರತಿ ಅಲೆಯೂ ಎಷ್ಟೆಷ್ಟು ಬೇಕು ಎಂಬುದೇ ಗುಣಾಂಕ. k-ನೆಯ ಗುಣಾಂಕ ಬೇಕಾದರೆ ಪ್ರತಿ ಬೆಲೆಯನ್ನು (2n+1)kπ/16 ಕೋನದ ಕೊಸೈನ್‌ನಿಂದ ಗುಣಿಸಿ, ಎಂಟನ್ನೂ ಕೂಡಿ, ಅರ್ಧ ಮಾಡಿ. ಇಲ್ಲಿ n ಎಂಬುದು 0ಯಿಂದ 7ರವರೆಗಿನ ಪಿಕ್ಸೆಲ್ ಸಂಖ್ಯೆ. k ಸೊನ್ನೆಯಾದಾಗ ಮಾತ್ರ ಮೊತ್ತವನ್ನು 8ರ ವರ್ಗಮೂಲದಿಂದ ಭಾಗಿಸಬೇಕು.

ಕ್ಯಾಲ್ಕುಲೇಟರ್ ಹಿಡಿದು ಮಾಡಿದರೆ ಸಿಗುವ ಎಂಟು ಗುಣಾಂಕಗಳು: 282.8, −25.8, 0, −2.7, 0, −0.8, 0, −0.2. ನೋಡಿ, ಎಂಟು ಕಡೆ ಹರಡಿದ್ದ ಮಾಹಿತಿ ಮೊದಲ ಎರಡು ಮನೆಗಳಿಗೆ ಬಂದು ಕೂತಿದೆ! ಉಳಿದ ಆರನ್ನು ಸೊನ್ನೆ ಮಾಡಿ, ಎರಡರಿಂದಲೇ ಹಿಂದಕ್ಕೆ ಲೆಕ್ಕ ಹಾಕಿದರೆ 87, 89, 93, 97, 103, 107, 111, 113 ಬರುತ್ತದೆ. ಪ್ರತಿ ಪಿಕ್ಸೆಲ್‌ನಲ್ಲೂ ಒಂದೇ ಒಂದರ ವ್ಯತ್ಯಾಸ. ಯಾವ ಕಣ್ಣೂ ಅದನ್ನು ಗುರುತಿಸದು.

ಎಂಪೆಗ್-2 ಇದನ್ನೇ 8×8ರ ಚೌಕದಲ್ಲಿ, ಅಡ್ಡಕ್ಕೂ ಉದ್ದಕ್ಕೂ ಮಾಡುತ್ತದೆ. ಒಂದು ಪಾಲ್ ಚಿತ್ರದಲ್ಲಿ ಇಂಥ 6,480 ಚೌಕಗಳು. ಸಿಕ್ಕ 64 ಗುಣಾಂಕಗಳನ್ನು ಒಂದು ಕೋಷ್ಟಕದ ಅಂಕಿಗಳಿಂದ ಭಾಗಿಸಿ, ಪೂರ್ಣಾಂಕಕ್ಕೆ ಇಳಿಸುತ್ತಾರೆ. ಕಡಿಮೆ ಆವೃತ್ತಿಯ ಕಡೆ ಭಾಜಕಗಳು 16, 19, 22 ಹೀಗೆ ಸಣ್ಣವು. ಕೊಟ್ಟಕೊನೆಯ ಮೂಲೆಯಲ್ಲಿ 83. ಸೂಕ್ಷ್ಮ ಗೆರೆಗಳಲ್ಲಿನ ತಪ್ಪನ್ನು ಕಣ್ಣು ಅಷ್ಟಾಗಿ ಗಮನಿಸುವುದಿಲ್ಲವಾದ್ದರಿಂದ ಅಲ್ಲಿ ಒರಟಾಗಿ ಭಾಗಿಸಿದರೆ ನಡೆಯುತ್ತದೆ. ಸಣ್ಣ ಗುಣಾಂಕಗಳೆಲ್ಲ ಸೊನ್ನೆಯಾಗುತ್ತವೆ. ಸಾಲುಸಾಲು ಸೊನ್ನೆಗಳನ್ನು ಬರೆದಿಡಲು ಬಿಟ್‌ಗಳು ಹೆಚ್ಚು ಬೇಡ.

ಬಿಟ್‌ಗಳು ಸಾಲದೆ ಬಂದಾಗ ಯಂತ್ರ ಮಾಡುವುದು ಒಂದೇ: ಇಡೀ ಕೋಷ್ಟಕವನ್ನು ಎರಡರಿಂದಲೋ ಹತ್ತರಿಂದಲೋ ಗುಣಿಸಿ ಭಾಜಕಗಳನ್ನು ದೊಡ್ಡದು ಮಾಡುತ್ತದೆ. ಆಗ ಸೊನ್ನೆಗಳು ಹೆಚ್ಚುತ್ತವೆ. ಕೊನೆಗೆ ಸಮತಟ್ಟು ಗೆರೆಯ ಒಂದು ಗುಣಾಂಕ ಬಿಟ್ಟು ಉಳಿದ 63ಊ ಸೊನ್ನೆ. ಆ 8×8 ಚೌಕ ತನ್ನ ಸರಾಸರಿ ಬಣ್ಣದ ಒಂದು ಹೆಂಚಾಗಿಬಿಡುತ್ತದೆ. ನನ್ನ ತಮ್ಮ ‘ಚೌಕ ಚೌಕ’ ಎಂದದ್ದು ಇದನ್ನೇ. ರಂಗವಿಡೀ ಕಾಣುವ ದೃಶ್ಯದಲ್ಲಿ ಒಂದು ಮುಖದ ಅಗಲ 40 ಪಿಕ್ಸೆಲ್ ಇದ್ದೀತು. ಅಂದರೆ ಐದು ಹೆಂಚು ಅಗಲದ ಮುಖ. ಅದರಲ್ಲಿ ಕಣ್ಣೆಲ್ಲಿ, ಮೀಸೆಯೆಲ್ಲಿ?

ಒಮ್ಮೆ ಸೊನ್ನೆಯಾದ ಗುಣಾಂಕ ಮತ್ತೆ ಬಾರದು. ಅಂಗಡಿಯ ತಟ್ಟೆಯನ್ನು ಯಾವ ತಂತ್ರಾಂಶಕ್ಕೆ ಕೊಟ್ಟರೂ ಅದು ಹೆಂಚುಗಳ ಅಂಚನ್ನು ಸವರೀತೇ ವಿನಾ ಮುಖವನ್ನು ತಂದುಕೊಡದು. ಈಚೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಸ್ಪಷ್ಟವಾದ ಮುಖವನ್ನೇ ಕೊಡುತ್ತವೆ, ನಿಜ. ಆದರೆ ಅದು ಊಹಿಸಿ ಬರೆದ ಮುಖ, ಚಿಕ್ಕಪ್ಪನದಲ್ಲ. ಮೂಲ ಕ್ಯಾಸೆಟ್‌ಗೇ ಹೋಗಬೇಕಾಯಿತು.

ಪುನರಾವರ್ತನೆಯ ಲಾಭ

ಇನ್ನೊಂದು ಉಳಿತಾಯ ಕಾಲದ್ದು. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 1/25 ಸೆಕೆಂಡು. ಅಷ್ಟರಲ್ಲಿ ಸೀನರಿಯ ಅರಮನೆ ಕದಲುವುದಿಲ್ಲ. ಆದ್ದರಿಂದ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಮಾತ್ರ ಒಂದು ಪೂರ್ಣ ಚಿತ್ರವನ್ನು ಬರೆದು, ನಡುವಿನ ಹನ್ನೊಂದು ಹದಿನಾಲ್ಕು ಚಿತ್ರಗಳಿಗೆ ‘ಈ ತುಣುಕು ಅಲ್ಲಿಂದ ಇಲ್ಲಿಗೆ ಇಷ್ಟು ಸರಿಯಿತು, ಇಷ್ಟು ಬದಲಾಯಿತು’ ಎಂದು ಮಾತ್ರ ಬರೆಯುತ್ತಾರೆ. ಪೂರ್ಣ ಚಿತ್ರ ಐ, ಹಿಂದಿನದನ್ನು ನೋಡಿ ಊಹಿಸಿದ್ದು ಪಿ, ಹಿಂದು ಮುಂದು ಎರಡನ್ನೂ ನೋಡಿ ಊಹಿಸಿದ್ದು ಬಿ. ಊಹೆ ಸರಿಯಾದಷ್ಟೂ ಬಿಟ್ ಉಳಿಯುತ್ತದೆ.

ಊಹೆ ತಪ್ಪುವುದು ಎಲ್ಲಿ? ಸೀರಿಯಲ್ ದೀಪ ಒಮ್ಮೆಲೇ ಹತ್ತಿ ಆರುವಾಗ, ಜರಿಯ ಚಮಕಿ ಮಿಂಚುವಾಗ, ಕ್ಯಾಮೆರಾ ಕೈಯಲ್ಲಿ ನಡುಗುವಾಗ. ಇದರಲ್ಲಿ ಚಿತ್ರ ತೆಗೆಯುವವರಿಗೆ ಒಂದು ಪಾಠವಿದೆ. ಮುಂದೆ ನಿಮ್ಮ ಶಾಲೆಯ ವಾರ್ಷಿಕೋತ್ಸವವನ್ನೋ ಪ್ರಯೋಗವನ್ನೋ ಚಿತ್ರೀಕರಿಸುವಾಗ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಬೆಳಕನ್ನು ಧಾರಾಳವಾಗಿ ಕೊಡಿ. ಇದರಿಂದ ಸಿಗುವ ಲಾಭವನ್ನು ಯಾವ ದುಬಾರಿ ತಂತ್ರಾಂಶವೂ ಕೊಡುವುದಿಲ್ಲ.

ಗದ್ದಲ ತಿನ್ನುವ ಬಿಟ್‌ಗಳು

ಹಳೆಯ ಕ್ಯಾಸೆಟ್ ಹಾಕಿದಾಗ ಪರದೆಯ ತುಂಬ ಚುಕ್ಕಿ ಚುಕ್ಕಿ ಕುಣಿಯುವುದನ್ನು ನೋಡಿದ್ದೀರಿ. ಇಂಜಿನಿಯರುಗಳು ನಾಯ್ಸ್ ಎನ್ನುವ ಇದನ್ನು ಗದ್ದಲ ಎನ್ನೋಣ. ಕಣ್ಣಿಗೆ ಸ್ವಲ್ಪ ಕಿರಿಕಿರಿ, ಅಷ್ಟೇ ತಾನೇ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಆದರೆ ಸಂಕೋಚನದ ಮಟ್ಟಿಗೆ ಇದರಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ.

ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ನಯವಾದ ಛಾಯೆ ಎರಡು ಗುಣಾಂಕಗಳಲ್ಲಿ ಅಡಗಿತು. ಗದ್ದಲ ಯಾದೃಚ್ಛಿಕ, ಒಂದು ಪಿಕ್ಸೆಲ್‌ಗೂ ಪಕ್ಕದ್ದಕ್ಕೂ ಸಂಬಂಧವಿಲ್ಲ. ಅದನ್ನು ರೂಪಾಂತರಿಸಿದರೆ ಎಂಟೂ ಗುಣಾಂಕಗಳಲ್ಲಿ ಸಮನಾಗಿ ಹರಡುತ್ತದೆ, ಎಲ್ಲಿಯೂ ಸೊನ್ನೆ ಸಿಗುವುದಿಲ್ಲ. ಕಾಲದ ಊಹೆಗೂ ಅದು ಸಿಗದು. ಈ ಚಿತ್ರದ ಚುಕ್ಕಿ ಮುಂದಿನ ಚಿತ್ರದಲ್ಲಿ ಇರುವುದಿಲ್ಲ. ಪಾಪ, ಯಂತ್ರಕ್ಕೆ ಚುಕ್ಕಿ ಯಾವುದು, ಮೀಸೆ ಯಾವುದು ಎಂದು ಗೊತ್ತಿಲ್ಲ. ಎರಡನ್ನೂ ಒಂದೇ ನಿಷ್ಠೆಯಿಂದ ಬರೆಯಲು ಹೋಗಿ ಬಿಟ್‌ಗಳನ್ನು ಚುಕ್ಕಿಗೆ ಕೊಟ್ಟು, ಮೀಸೆಗೆ ಇಲ್ಲವೆನ್ನುತ್ತದೆ.

ಪರಿಹಾರ ಪ್ರಯೋಗಶಾಲೆಯಲ್ಲಿ ನಾವು ನಿತ್ಯ ಮಾಡುವುದೇ: ಸರಾಸರಿ. ಕದಲದ ಭಾಗದಲ್ಲಿ ಅಕ್ಕಪಕ್ಕದ N ಚಿತ್ರಗಳ ಸರಾಸರಿ ತೆಗೆದರೆ ಗದ್ದಲ √N ಪಟ್ಟು ಇಳಿಯುತ್ತದೆ. ನಾಲ್ಕು ಚಿತ್ರಗಳಿಗೆ ಅರ್ಧ, ಒಂಬತ್ತಕ್ಕೆ ಮೂರನೆಯ ಒಂದು. ಕದಲುವ ಭಾಗದಲ್ಲಿ ಹೀಗೆ ಮಾಡಿದರೆ ದುರ್ಯೋಧನನ ಗದೆಯ ಹಿಂದೆ ನಾಲ್ಕು ದೆವ್ವದ ಗದೆಗಳು ಕಾಣುತ್ತವೆ. ಆದ್ದರಿಂದ ಒಳ್ಳೆಯ ಶೋಧಕಗಳು ಮೊದಲು ಚಲನೆಯನ್ನು ಅಳೆದು, ಚಲನೆಯ ಜಾಡಿನಲ್ಲೇ ಸರಾಸರಿ ತೆಗೆಯುತ್ತವೆ. ಇವನ್ನು ಮಿತವಾಗಿ ಬಳಸಿ. ಮೊದಲ ಸಲ ನಾನು ಉತ್ಸಾಹದಿಂದ ಶೋಧಕವನ್ನು ಪೂರ್ತಿ ತಿರುಗಿಸಿದೆ. ಕೌರವರೆಲ್ಲ ಮೇಣದ ಬೊಂಬೆಗಳಾದರು. ಚುಕ್ಕಿ ಸ್ವಲ್ಪ ಉಳಿದಿರುವ ಮುಖ ಮನುಷ್ಯನ ಮುಖದಂತಿರುತ್ತದೆ.

ವಿಎಚ್‌ಎಸ್ ಚಿತ್ರದ ತಳದಲ್ಲಿ ಕೆಲವು ಸಾಲುಗಳು ಹರಿದಂತೆ ಅಲುಗಾಡುತ್ತವೆ. ತಿರುಗುವ ಎರಡು ತಲೆಗಳು ಒಂದರಿಂದೊಂದಕ್ಕೆ ಕೆಲಸ ಒಪ್ಪಿಸುವ ಜಾಗ ಅದು. ಹಳೆಯ ಟಿ.ವಿ.ಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು, ನಮಗೆ ಕಾಣುತ್ತಿರಲಿಲ್ಲ. ಎಂಪೆಗ್-2 ಚಲನೆಯನ್ನು 16×16ರ ತುಣುಕುಗಳಲ್ಲಿ ಲೆಕ್ಕ ಹಾಕುವುದರಿಂದ ತಳದ 16 ಸಾಲುಗಳನ್ನು ಸರಿಯಾಗಿ ಅಳೆದು ಕಪ್ಪು ಬಳಿದರೆ, ಆ ಸಾಲಿನ ತುಣುಕುಗಳಿಗೆ ಖರ್ಚು ಹೆಚ್ಚುಕಡಿಮೆ ಸೊನ್ನೆ. ಹತ್ತು ಸಾಲು ಬಳಿದರೆ ಕಪ್ಪು ಬಿಳುಪಿನ ಅಂಚು ತುಣುಕಿನ ನಡುವೆ ಬಿದ್ದು ಉಳಿತಾಯ ಹಾಳಾಗುತ್ತದೆ.

720 ಬೇಕೇ?

ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಒಂದು ಸಣ್ಣ ಭೌತವಿಜ್ಞಾನದ ಪ್ರಶ್ನೆ: ಈ ಕ್ಯಾಸೆಟ್‌ನಲ್ಲಿ ನಿಜವಾಗಿ ಇರುವ ಮಾಹಿತಿ ಎಷ್ಟು?

ಪಾಲ್ ವಿಎಚ್‌ಎಸ್ ಕ್ಯಾಸೆಟ್ ಬೆಳಕಿನ ಸಂಕೇತದಲ್ಲಿ ಸುಮಾರು 30 ಲಕ್ಷ ಹರ್ಟ್ಸ್‌ವರೆಗಿನ ಆವೃತ್ತಿಯನ್ನು ಹಿಡಿದಿಡುತ್ತದೆ. ಪಾಲ್‌ನಲ್ಲಿ ಒಂದು ಸಾಲಿನ ಚಿತ್ರಭಾಗ ಎಳೆಯುವ ಅವಧಿ 52 ಮೈಕ್ರೋಸೆಕೆಂಡು. ಎರಡನ್ನೂ ಗುಣಿಸಿದರೆ ಒಂದು ಸಾಲಿಗೆ 156 ಅಲೆಗಳು. ನೈಕ್ವಿಸ್ಟ್ ನಿಯಮದಂತೆ ಅಲೆಯೊಂದಕ್ಕೆ ಎರಡು ಮಾದರಿ ಬೇಕು, ಅಂದರೆ 312. ಡಿವಿಡಿಯ ನಿಯಮದಲ್ಲಿ 720×576 ಅಲ್ಲದೆ 352×576ಕ್ಕೂ ಅವಕಾಶವಿದೆ. 312 ಸಾಕಾದಲ್ಲಿ 352 ಧಾರಾಳ! ಇಂಥ ಕ್ಯಾಸೆಟ್ ಅನ್ನು 720ರಲ್ಲಿ ಬರೆಯುವುದೆಂದರೆ ಅರ್ಧ ಸೇರು ಹಾಲನ್ನು ದೊಡ್ಡ ಪಾತ್ರೆಗೆ ಸುರಿದಂತೆ. ಹಾಲೇನೂ ಹೆಚ್ಚುವುದಿಲ್ಲ, ತೊಳೆಯಬೇಕಾದ ಪಾತ್ರೆ ದೊಡ್ಡದಾಗುತ್ತದೆ.

ಆರು ಗಂಟೆಯನ್ನು ಎರಡೆರಡು ಗಂಟೆಯ ಮೂರು ತಟ್ಟೆಗಳಿಗೆ ಹಂಚಿದೆ. ಧ್ವನಿಗೂ ಮೆನುವಿಗೂ ಸ್ವಲ್ಪ ತೆಗೆದಿಟ್ಟು ಚಿತ್ರಕ್ಕೆ ಸರಾಸರಿ 48 ಲಕ್ಷ ಬಿಟ್. 352×576ರ ಅಳತೆಯಲ್ಲಿ ಇದು ಪಿಕ್ಸೆಲ್‌ಗೆ ಹತ್ತಿರಹತ್ತಿರ 0.95 ಬಿಟ್. ಅಂಗಡಿಯವರ ತಟ್ಟೆಯಲ್ಲಿ 0.15 ಇತ್ತು ಎಂಬುದನ್ನು ನೆನಪಿಸಿಕೊಳ್ಳಿ. ಖರ್ಚಾದದ್ದು ಇನ್ನೆರಡು ತಟ್ಟೆ.

ನಿಮ್ಮ ಮೂಲ ಮಿನಿ-ಡಿವಿ ಕ್ಯಾಮೆರಾದ್ದೋ ಈಚಿನ ಮೊಬೈಲಿನದ್ದೋ ಆದರೆ ಈ ಮಾತು ಸಲ್ಲದು. ಅಲ್ಲಿ ಪೂರ್ಣ 720ರಷ್ಟು ವಿವರ ಇರುತ್ತದೆ, ಅದನ್ನು ಉಳಿಸಿಕೊಳ್ಳಿ. ಇನ್ನು 352×288 ಎಂಬ ಮೂರನೆಯ ಅಳತೆಯ ಸಹವಾಸ ಬೇಡ. ಏಕೆಂಬುದನ್ನು ಈಗ ನೋಡೋಣ.

ಬೆಸ ಸಾಲು, ಸರಿ ಸಾಲು

ಹಳೆಯ ವಿಡಿಯೋದ ಒಂದು ಚಿತ್ರ ನಿಜವಾಗಿ ಎರಡು ಅರೆಚಿತ್ರಗಳ ಹೆಣಿಗೆ. ಮೊದಲು ಬೆಸ ಸಾಲುಗಳು, 1/50 ಸೆಕೆಂಡು ಕಳೆದು ಸರಿ ಸಾಲುಗಳು. ಸೆಕೆಂಡಿಗೆ 25 ಚಿತ್ರವಿದ್ದರೂ ಚಲನೆಯ 50 ಕ್ಷಣಗಳು ಸೆರೆಯಾಗುವುದರಿಂದ ಹಳೆಯ ಟಿ.ವಿ.ಯಲ್ಲಿ ಓಡಾಟ ಅಷ್ಟು ನಯವಾಗಿ ಕಾಣುತ್ತಿತ್ತು. 288 ಸಾಲಿಗೆ ಇಳಿಸಿದರೆ ಒಂದು ಅರೆಚಿತ್ರ ಪೂರ್ತಿ ಹೋಗುತ್ತದೆ.

ಇಲ್ಲಿ ಇನ್ನೊಂದು ಗುಂಡಿಯಿದೆ, ಬಹುಮಂದಿ ಬೀಳುವುದು ಅದರಲ್ಲಿಯೇ. ಯಾವ ಅರೆಚಿತ್ರ ಮೊದಲು ಎಂಬುದನ್ನು ತಂತ್ರಾಂಶಕ್ಕೆ ಸರಿಯಾಗಿ ಹೇಳಬೇಕು. ಡಿವಿ ಕ್ಯಾಮೆರಾಗಳಲ್ಲಿ ಕೆಳಗಿನದು ಮೊದಲು, ಸಂಕೇತವನ್ನು ಕಂಪ್ಯೂಟರ್‌ಗೆ ತುಂಬುವ ಅನೇಕ ಕಾರ್ಡುಗಳಲ್ಲಿ ಮೇಲಿನದು ಮೊದಲು. ತಪ್ಪು ಹೇಳಿದರೆ ಕಾಲ ಹಿಂದುಮುಂದಾಗುತ್ತದೆ. ಭೀಮ ಗದೆ ಬೀಸಿದರೆ ಅದು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತ ಸಾಗುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಈ ದೋಷ ಅಷ್ಟಾಗಿ ಕಾಣದಿರುವುದೇ ಅಪಾಯ. ಮೊದಲ ತಟ್ಟೆಯನ್ನು ಟಿ.ವಿ.ಗೇ ಹಾಕಿ, ಯಾರಾದರೂ ವೇಗವಾಗಿ ಅಡ್ಡ ನಡೆಯುವ ಕಡೆ ನೋಡಿ. ಕಂಪ್ಯೂಟರ್‌ನಲ್ಲಿ ಬಾಚಣಿಗೆ ಹಲ್ಲಿನಂಥ ಅಂಚು ಕಾಣುತ್ತದೆಂದು ಅರೆಚಿತ್ರಗಳನ್ನು ಬೆಸೆಯಲು ಹೋಗಬೇಡಿ. ಟಿ.ವಿ.ಗೆ ಅವು ಬೇಕು.

ಬಣ್ಣದ ಮಾತು ಚಿಕ್ಕದು. ಕಣ್ಣು ಬೆಳಕಿನ ವಿವರವನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣದ ವಿವರವನ್ನು ಗುರುತಿಸದು. ಆದ್ದರಿಂದ ಡಿವಿಡಿಯಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣದ ಮಾದರಿ. ಇದನ್ನು ಪರೀಕ್ಷಿಸಬೇಕೆಂದರೆ ಅರಗಿನ ಕೆಂಪು ಬಳಿದ ಚನ್ನಪಟ್ಟಣದ ಬುಗುರಿಯೊಂದನ್ನು ಹಸಿರು ಎಲೆಯ ಮೇಲಿಟ್ಟು ಚಿತ್ರ ತೆಗೆದು, ಡಿವಿಡಿಗೆ ಇಳಿಸಿ, ಹಿಗ್ಗಿಸಿ ನೋಡಿ. ಕೆಂಪು ತನ್ನ ಅಂಚು ದಾಟಿ ಹಸಿರಿನೊಳಕ್ಕೆ ತುಸು ಸೋರಿರುತ್ತದೆ. ವಿಎಚ್‌ಎಸ್‌ನಲ್ಲಿ ಬಣ್ಣದ ವಿವರ ಮೊದಲೇ ಇದಕ್ಕಿಂತ ಬಡವಾದ್ದರಿಂದ ನಮ್ಮ ನಾಟಕಕ್ಕೆ ಹೊಸ ನಷ್ಟವೇನೂ ಆಗಲಿಲ್ಲ.

ಕೆಲಸದ ಕ್ರಮ

ಕ್ಯಾಸೆಟ್ ಅನ್ನು ಒಂದೇ ಸಲ ಓಡಿಸಿ, ನಷ್ಟವಿಲ್ಲದ ರೂಪದಲ್ಲಿ ಹಾರ್ಡ್‌ಡಿಸ್ಕ್‌ಗೆ ತುಂಬಿಕೊಂಡೆ. ಬಣ್ಣಕ್ಕೆ ತುಸು ಹೆಚ್ಚು ಜಾಗ ಕೊಟ್ಟು ಬರೆದರೆ ಗಂಟೆಗೆ ಸುಮಾರು 75 ಗಿಗಾಬೈಟ್ ಆಗುತ್ತದೆ. ನಷ್ಟವಿಲ್ಲದ ಅಡಕದಿಂದ ಅದು ಅರ್ಧದ ಆಸುಪಾಸಿಗೆ ಬರುತ್ತದೆ. ಈ ಪ್ರತಿಗೆ ಯಾವ ಶೋಧಕವನ್ನೂ ಹಾಕಬಾರದು. ಇದನ್ನು ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿಟ್ಟಿದ್ದೇನೆ, ಒಂದು ನನ್ನ ಮನೆಯಲ್ಲಿ, ಒಂದು ಕೆಂಪಾಪುರದಲ್ಲಿ. ಮನೆಯಲ್ಲಿ ಬರೆಯುವ ಡಿವಿಡಿಯ ಬಣ್ಣದ ಪದರವೂ ಬಿಸಿಲಿಗೆ, ಸೆಕೆಗೆ ಕೆಡುವಂಥದ್ದೇ. ತಟ್ಟೆ ನೋಡುವುದಕ್ಕೆ, ಡಿಸ್ಕ್ ಉಳಿಸುವುದಕ್ಕೆ.

ಸಂಕೋಚನವನ್ನು ಎರಡು ಸುತ್ತಿನಲ್ಲಿ ಮಾಡಿಸಿ. ಮೊದಲ ಸುತ್ತಿನಲ್ಲಿ ಯಂತ್ರ ಏನನ್ನೂ ಬರೆಯದೆ ಎಲ್ಲಿ ಎಷ್ಟು ಕಷ್ಟವಿದೆ ಎಂದು ಅಳೆಯುತ್ತದೆ. ಎರಡನೆಯದರಲ್ಲಿ ಬಿಟ್‌ಗಳನ್ನು ಅದರಂತೆ ಹಂಚುತ್ತದೆ. ಪರದೆ ಬಿದ್ದು ಮೇಷ್ಟ್ರು ಹಾರ್ಮೋನಿಯಂ ಮಾತ್ರ ನುಡಿಸುವ ಹೊತ್ತಿನಲ್ಲಿ ಸೆಕೆಂಡಿಗೆ 20 ಲಕ್ಷ ಸಾಕು, ಗದಾಯುದ್ಧಕ್ಕೆ 80 ಲಕ್ಷ ಹೋಗಲಿ. ಒಂದೇ ದರದಲ್ಲಿ ಬರೆದರೆ ಇಬ್ಬರಿಗೂ 48. ಮೇಷ್ಟ್ರ ಪಾಲು ವ್ಯರ್ಥವಾಗುತ್ತದೆ, ಭೀಮನಿಗೆ ಸಾಲುವುದಿಲ್ಲ. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್‌ನಲ್ಲಿಯೇ ಇದೆಲ್ಲ ಸಾಧ್ಯ. ಆಯ್ಕೆಗಳಲ್ಲಿ ‘ಇಂಟ್ರಾ ಡಿಸಿ ಪ್ರಿಸಿಶನ್’ ಎಂಬುದಿದ್ದರೆ 8ರ ಬದಲು 9 ಅಥವಾ 10 ಇಡಿ. ಸಮತಟ್ಟು ಗುಣಾಂಕವನ್ನು ನಯವಾಗಿ ಬರೆಯುವುದರಿಂದ ಕತ್ತಲ ದೃಶ್ಯಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ನೆರಳು ಕಡಿಮೆಯಾಗುತ್ತದೆ.

ಧ್ವನಿಯನ್ನು ಅಡಕ ಮಾಡದೆ ಹಾಕಿದರೆ ಸೆಕೆಂಡಿಗೆ 15.36 ಲಕ್ಷ ಬಿಟ್ ನುಂಗುತ್ತದೆ, ನಮ್ಮ 52 ಲಕ್ಷದಲ್ಲಿ ಮೂರರಲ್ಲೊಂದು ಪಾಲಿನ ಹತ್ತಿರ. ಡಾಲ್ಬಿ ರೂಪದಲ್ಲಿ 1.92 ಲಕ್ಷ ಸಾಕು. ಮಂಟಪದ ಮೈಕಿನಿಂದ ಹಿಡಿದ ಧ್ವನಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಬೇಕಿಲ್ಲ.

ಇಡೀ ನಾಟಕವನ್ನು ಅಡಕಕ್ಕೆ ಕೊಡುವ ಮೊದಲು ಎಲ್ಲಕ್ಕಿಂತ ಕಷ್ಟದ ಒಂದು ನಿಮಿಷವನ್ನು ಆರಿಸಿ ಬೇರೆ ಬೇರೆ ಆಯ್ಕೆಗಳಲ್ಲಿ ಮಾಡಿ ಹೋಲಿಸಿ. ಸುಲಭದ ನಿಮಿಷ ಎಲ್ಲ ಆಯ್ಕೆಗಳಲ್ಲೂ ಚೆನ್ನಾಗಿಯೇ ಕಾಣುತ್ತದೆ, ಏನನ್ನೂ ಕಲಿಸುವುದಿಲ್ಲ. ನಾನು ಆರಿಸಿದ್ದು ದುರ್ಯೋಧನನ ಆಸ್ಥಾನ ಪ್ರವೇಶ: ಕ್ಯಾಮೆರಾ ಕೈಯಲ್ಲಿ, ಹಿಂದೆ ಸೀರಿಯಲ್ ದೀಪ, ಮೈತುಂಬ ಚಮಕಿ. ಹನ್ನೊಂದು ಸಲ ಮಾಡಿದ ಮೇಲೆ ಒಪ್ಪಿಗೆಯಾಯಿತು. ದೀಪ ಹತ್ತಿದ ಆ ಕ್ಷಣದಲ್ಲಿ ಚಮಕಿ ಈಗಲೂ ತುಸು ಕಲಸುತ್ತದೆ. ಎರಡನೆಯ ಕ್ಯಾಸೆಟ್‌ನಲ್ಲಿ ಬೂಷ್ಟು ತಿಂದ ಮುಕ್ಕಾಲು ನಿಮಿಷ ಹೋಗಿಯೇ ಹೋಯಿತು.

ಮೂರು ತಟ್ಟೆಗಳನ್ನೂ ತೆಗೆದುಕೊಂಡು ಕೆಂಪಾಪುರಕ್ಕೆ ಹೋದೆ. ಚಿಕ್ಕಮ್ಮ ಗೋಡೆಗೆ ಒರಗಿ ಕೂತು ನೋಡುತ್ತಿದ್ದವರು ದುರ್ಯೋಧನ ತೊಡೆ ತಟ್ಟುತ್ತಿದ್ದಂತೆ ನಿಲ್ಲಿಸಲು ಹೇಳಿದರು. ಎಡಗೈ ಮಣಿಕಟ್ಟಿನಲ್ಲಿ ಬಿಳಿಯದೇನೋ ಹೊಳೆಯುತ್ತಿತ್ತು. ಗದ್ದಲ ಉಳಿದುಕೊಂಡಿತೇನೋ ಎಂದು ನಾನು ಎದ್ದು ಪರದೆಯ ಹತ್ತಿರ ಹೋದೆ.

“ಅದು ವಾಚು ಕಣಪ್ಪ,” ಎಂದರು ಚಿಕ್ಕಮ್ಮ. “ಅವತ್ತು ಬಿಚ್ಚೋದು ಮರ್ತಿದ್ರು.”